ಎಲ್ಲಕ್ಕಿಂತ ದೊಡ್ಡದು: ಯಾವ ಅಳತೆಗೆ?

ದಾಖಲೆ, ಶ್ರೇಯಾಂಕ, ‘ಜಗತ್ತಿನಲ್ಲೇ ಮೊದಲನೆಯದು’ ಎಂಬ ಮಾತುಗಳ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಪ್ಪಳ ಜಿಲ್ಲೆಯವು. ಮರಳಿಯ ರೈತರ ಪತ್ರದಿಂದಲೇ ಶುರು ಮಾಡುತ್ತೇನೆ.

ಪ್ರಶ್ನೆ: ಸರ್, ನಮ್ಮದು ಮರಳಿ. ಎಡದಂಡಿ ಕಾಲುವಿ ನೀರಿಗೆ ಭತ್ತ ಬೆಳಿಯೋರು ನಾವು. ಚಹಾದಂಗಡಿ ಮುಂದ ದಿನಾ ಇದೊಂದು ವಾದ ನಡದೈತಿ. ತುಂಗಭದ್ರಾ ಡ್ಯಾಂ ಕಲ್ಲಿನಾಗ ಕಟ್ಟಿದ್ದು, ಇದಕ್ಕಿಂತ ದೊಡ್ಡ ಕಲ್ಲಿನ ಡ್ಯಾಂ ಜಗತ್ತಿನ್ಯಾಗ ಇಲ್ಲ ಅಂತ ಹಿರ್ಯಾರು ಹೇಳ್ತಾರ. ಸಿಮೆಂಟ್ ಹಾಕದ ಕಟ್ಟಿದ ಡ್ಯಾಂ ದೇಶದಾಗ ಎರಡೇ, ಒಂದು ನಮ್ಮದು, ಇನ್ನೊಂದು ಮುಲ್ಲಪೆರಿಯಾರ್ ಅಂತ ಮಗ ಮೊಬೈಲ್‌ನ್ಯಾಗ ತೋರಿಸ್ತಾನ. ಯಾವುದು ಖರೇ?
– ಒಬ್ಬ ರೈತ, ಮರಳಿ

ಉತ್ತರ: ಹಿರಿಯರ ಮಾತನ್ನೂ ಮಗನ ಮಾತನ್ನೂ ಹಾಗೆಯೇ ಒಪ್ಪಲಾಗದು. ಎರಡರ ಹಿಂದೆಯೂ ಇರುವ ಸಂಗತಿ ಮಾತ್ರ ದೊಡ್ಡದು.

ಮೊದಲು ಗಾತ್ರ. ‘ದೊಡ್ಡ ಡ್ಯಾಂ’ ಅಂದರೆ ಎತ್ತರವೋ, ಉದ್ದವೋ, ಹಿಡಿಯುವ ನೀರೋ? ತುಂಗಭದ್ರೆಯ ಕಟ್ಟೆ ಸುಮಾರು 49 ಮೀಟರ್ ಎತ್ತರ, ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ ಉದ್ದ. ಕೃಷ್ಣಾ ನದಿಯ ನಾಗಾರ್ಜುನ ಸಾಗರವೂ ಕಲ್ಲಿನದೇ, ಅದರ ಎತ್ತರ 124 ಮೀಟರ್. ಹಾಗಾಗಿ ಎತ್ತರದಲ್ಲಿ ನಮ್ಮದು ಹಿಂದೆ. ಉದ್ದ ಹಿಡಿದರೆ ನಾಗಾರ್ಜುನ ಸಾಗರದ ಕಲ್ಲಿನ ಭಾಗವನ್ನು ನಮ್ಮ ಕಟ್ಟೆ ಹಿಂದೆ ಹಾಕುತ್ತದೆ, ಆದರೆ ಮಂಡ್ಯದ ಕನ್ನಂಬಾಡಿ ಕಟ್ಟೆ 2,600 ಮೀಟರ್ ದಾಟಿ ನಮಗಿಂತ ಸ್ವಲ್ಪ ಮುಂದಿದೆ. ಇನ್ನು ಕಾಂಕ್ರೀಟಿನ ಅಣೆಕಟ್ಟುಗಳನ್ನೂ ಸೇರಿಸಿದರೆ ಚೀನಾದ ಜಿನ್‌ಪಿಂಗ್‌-1 ಅಣೆಕಟ್ಟು 305 ಮೀಟರ್ ಎತ್ತರಕ್ಕೆ ನಿಂತಿದೆ.

ಸಿಮೆಂಟಿನ ಮಾತು. ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿ ಅರೆದ ಸುರ್ಕಿ ಗಾರೆಯಲ್ಲಿ ತುಂಗಭದ್ರೆಯ ಕಲ್ಲುಗಳನ್ನು ಕೂಡಿಸಿದ್ದು ನಿಜ. ಆದರೆ ‘ಎರಡೇ ಎರಡು’ ಎಂಬುದು ನಿಲ್ಲುವುದಿಲ್ಲ. ಕನ್ನಂಬಾಡಿ ಕಟ್ಟೆಯೂ ಸುರ್ಕಿ ಗಾರೆಯದೇ. ಯಾರೋ ಬರೆದ ಸಾಲನ್ನು ನಮ್ಮ ರಾಜ್ಯದ ಇನ್ನೊಂದು ಅಣೆಕಟ್ಟೆಯೇ ಸುಳ್ಳು ಮಾಡುತ್ತಿದ್ದರೂ ಆ ಸಾಲು ಮೊಬೈಲಿನಿಂದ ಮೊಬೈಲಿಗೆ ಓಡುತ್ತಲೇ ಇದೆ.

ಈ ಅಣೆಕಟ್ಟೆಯ ಹೆಮ್ಮೆ ನನ್ನ ಲೆಕ್ಕದಲ್ಲಿ ಬೇರೆ ಕಡೆ ಇದೆ. 1945ರ ಫೆಬ್ರವರಿ 28ರಂದು ಒಂದೇ ನದಿಯ ಎರಡು ದಂಡೆಗಳಲ್ಲಿ ಎರಡು ಸರ್ಕಾರಗಳು ಅಡಿಗಲ್ಲು ಹಾಕಿದವು: ನಿಮ್ಮ ಎಡದಂಡೆಯಲ್ಲಿ ನಿಜಾಮರ ಹೈದರಾಬಾದ್, ಆಚೆ ಬಲದಂಡೆಯಲ್ಲಿ ಬ್ರಿಟಿಷರ ಮದ್ರಾಸ್. 1953ರಲ್ಲಿ ನೀರು ನಿಲ್ಲುವ ಹೊತ್ತಿಗೆ ಆ ಎರಡೂ ಆಳ್ವಿಕೆ ಮುಗಿದಿದ್ದವು. ಅಲ್ಲಿಂದ ಹೊರಟ 227 ಕಿಲೋಮೀಟರಿನ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜ ಮಾಡಿತು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ ನಿಮ್ಮ ಊರಿನ ಎಷ್ಟು ಮನೆಗಳಲ್ಲಿ ನಿದ್ದೆ ಇರಲಿಲ್ಲವೆಂದು ನೀವೇ ಬಲ್ಲಿರಿ. ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನ ನಡುವೆಯೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ಉಳಿದ ನೀರನ್ನು ಉಳಿಸಿಕೊಟ್ಟಿತು. ಯಾವ ಪಟ್ಟಿಯಲ್ಲಿ ಬರೆದರೂ ಬರೆಯದಿದ್ದರೂ ಅದು ಅಪರೂಪದ ಕೆಲಸ. ಚಹಾದಂಗಡಿಯಲ್ಲಿ ವಾದ ಮುಂದುವರಿಯುವುದಾದರೆ ಹೂಳಿನ ಬಗ್ಗೆ ನಡೆಯಲಿ. ಶುರುವಿನಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105ರ ಆಸುಪಾಸಿಗೆ ಇಳಿದಿದೆ. ನಿಮ್ಮ ಎರಡನೇ ಬೆಳೆಗೆ ಸಂಬಂಧಪಟ್ಟ ಅಂಕಿ ಅದು.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಗೋಳಗುಮ್ಮಟ ಜಗತ್ತಿನ ಎರಡನೇ ಅತಿ ದೊಡ್ಡ ಗುಮ್ಮಟ ಎಂದು ಒಂದು ಗೈಡಿನಲ್ಲಿದೆ, ನಾಲ್ಕನೆಯದು ಎಂದು ಇನ್ನೊಂದರಲ್ಲಿದೆ. ಯಾವುದನ್ನು ಬರೆಯಲಿ?
– ಅಭ್ಯರ್ಥಿ, ಕುಷ್ಟಗಿ

ಉತ್ತರ: ಗುಮ್ಮಟದ ಒಳ ವ್ಯಾಸ ಸುಮಾರು 38 ಮೀಟರ್, ಹೊರ ವ್ಯಾಸ ಸುಮಾರು 44. ರೋಮಿನ ಪ್ಯಾಂಥಿಯನ್ ಒಳಗೇ 43 ಮೀಟರ್ ದಾಟುತ್ತದೆ, ಅದೂ ಕ್ರಿಸ್ತಶಕ ಎರಡನೇ ಶತಮಾನದ್ದು. ಫ್ಲಾರೆನ್ಸಿನ ಕೆಥೆಡ್ರಲ್, ವ್ಯಾಟಿಕನ್ನಿನ ಸೇಂಟ್ ಪೀಟರ್ಸ್ ಕೂಡ ಒಳ ಅಳತೆಯಲ್ಲಿ ನಮ್ಮದಕ್ಕಿಂತ ಅಗಲ. ಹಾಗಾಗಿ ಹಳೆಯ ಕಾಲದ ಗುಮ್ಮಟಗಳನ್ನಷ್ಟೇ ಸಾಲಿಗಿಟ್ಟು ಒಳ ವ್ಯಾಸ ಅಳೆದರೆ ಈ ಮೂರರ ನಂತರವೇ ಗೋಳಗುಮ್ಮಟ. ನಮ್ಮ ಗುಮ್ಮಟದ ಹೊರ ಅಳತೆಯನ್ನು ಉಳಿದವುಗಳ ಒಳ ಅಳತೆಯ ಪಕ್ಕ ಇಟ್ಟರೆ ಅದು ಸುಲಭವಾಗಿ ಎರಡನೇ ಸ್ಥಾನಕ್ಕೆ ಏರುತ್ತದೆ. ಈ ಕಾಲದ ಉಕ್ಕಿನ ಗುಮ್ಮಟಗಳನ್ನು ಸೇರಿಸಿದರಂತೂ ಲೆಕ್ಕವೇ ಬೇರೆ: 2014ರಲ್ಲಿ ತೆರೆದ ಸಿಂಗಪುರದ ರಾಷ್ಟ್ರೀಯ ಕ್ರೀಡಾಂಗಣದ ಚಾವಣಿ 310 ಮೀಟರ್ ಅಗಲ.

ಗೋಳಗುಮ್ಮಟದ ವಿಶೇಷ ಕೆಳಗಿನ ನೆಲದಲ್ಲಿದೆ. ಒಂದೊಂದು ಬದಿ 135 ಅಡಿಗೂ ಉದ್ದವಿರುವ ಚೌಕ ಕೋಣೆ, ನಡುವೆ ಒಂದೇ ಒಂದು ಕಂಬವಿಲ್ಲ. ನೆಲದ ವಿಸ್ತಾರ ಸುಮಾರು 18,000 ಚದರ ಅಡಿ. ಪ್ಯಾಂಥಿಯನ್ನಿನ ದುಂಡು ನೆಲ 16,000ಕ್ಕೂ ಕಡಿಮೆ. ಚೌಕದ ಮೇಲೆ ದುಂಡು ಕೂರಿಸಲು ಒಂದನ್ನೊಂದು ಹಾಯ್ದುಹೋಗುವ ಎಂಟು ಕಮಾನುಗಳನ್ನು ಎಬ್ಬಿಸಿ, ಮೇಲಿನ ಭಾರವನ್ನು ಒಳಕ್ಕೆ ಎಳೆದು ಗೋಡೆಗೆ ಇಳಿಸಿದ್ದಾರೆ. ಮಹಮ್ಮದ್ ಆದಿಲ್ ಶಾಹನ ಶಿಲ್ಪಿಗಳ ಆ ಬುದ್ಧಿವಂತಿಕೆಯನ್ನು ‘ಎರಡನೆಯದು’ ಎಂಬ ಒಂದು ಅಂಕಿಗೆ ಇಳಿಸುವುದು ಅನ್ಯಾಯವೆಂದೇ ನನಗನಿಸುತ್ತದೆ. ಪರೀಕ್ಷೆಯಲ್ಲಿ ನಿಮಗೆ ನಿಗದಿಯಾದ ಸರ್ಕಾರಿ ಪಠ್ಯದಲ್ಲಿರುವುದನ್ನು ಬರೆಯಿರಿ. ವಿವರಣಾತ್ಮಕ ಪ್ರಶ್ನೆ ಬಂದರೆ ಅಳತೆಗಳ ಸಮೇತ ಬರೆಯಿರಿ.

ಪ್ರಶ್ನೆ: ನಮ್ಮ ಇಟಗಿ ಗುಡಿಗೆ ‘ದೇವಾಲಯ ಚಕ್ರವರ್ತಿ’ ಅನ್ನುತ್ತಾರಲ್ಲ, ಆ ಬಿರುದು ಕೊಟ್ಟವರು ಯಾರು? ಆಗ ಸ್ಪರ್ಧೆ ಇತ್ತಾ?
– ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಯಲಬುರ್ಗಾ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದೆ ತಂಗಿ. ಸ್ಪರ್ಧೆ ಇರಲಿಲ್ಲ, ತೀರ್ಪುಗಾರರೂ ಇರಲಿಲ್ಲ. 1112ರಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಈ ಗುಡಿ ಕಟ್ಟಿಸಿದ. ಅದೇ ಗುಡಿಯ ಶಾಸನ ಅದನ್ನು ದೇವಾಲಯಗಳ ಚಕ್ರವರ್ತಿ ಎಂದು ಕರೆದಿದೆ. ಅಂದರೆ ಕಟ್ಟಿಸಿದವನ ಕಡೆಯವರೇ ಕೊಟ್ಟುಕೊಂಡ ಬಿರುದು.

ಹಾಗಾದರೆ ಬರೀ ಹೊಗಳಿಕೆಯೇ ಎಂದು ನೀನು ಕೇಳಬಹುದು. ಇಂಥ ಬಿರುದನ್ನು ಪರೀಕ್ಷಿಸಲು ಒಂದು ದಾರಿಯಿದೆ. ಕಟ್ಟಿದವರಿಗೆ ಯಾವ ಸಂಬಂಧವೂ ಇಲ್ಲದ, ಬೇರೆ ಬಹಳ ಗುಡಿಗಳನ್ನು ಕಂಡಿರುವ ಒಬ್ಬರು ಏನು ಹೇಳುತ್ತಾರೆ ನೋಡಬೇಕು. ಹೆನ್ರಿ ಕಸೆನ್ಸ್ ಎಂಬ ಪುರಾತತ್ವ ವಿದ್ವಾಂಸರು ಕನ್ನಡ ಜಿಲ್ಲೆಗಳ ಚಾಲುಕ್ಯ ಗುಡಿಗಳನ್ನು ಸುತ್ತಿ ನೋಡಿ, ಅಳೆದು 1926ರಲ್ಲಿ ದೊಡ್ಡ ಪುಸ್ತಕ ತಂದರು. ಹಳೇಬೀಡನ್ನು ಬಿಟ್ಟರೆ ಕನ್ನಡ ನಾಡಿನ ಅತ್ಯುತ್ತಮ ಗುಡಿಗಳಲ್ಲಿ ಇದೂ ಒಂದು ಎಂಬುದು ಅವರ ಅಭಿಪ್ರಾಯ. ಎಂಟುನೂರು ವರ್ಷದ ನಂತರ ಬಂದ, ಮಹಾದೇವನಿಂದ ಏನನ್ನೂ ಪಡೆಯದ ವ್ಯಕ್ತಿಯ ಮಾತು ಅದು. ಶಾಸನ ಬರೆದವನ ಹೊಗಳಿಕೆ ಅಲ್ಲಿಗೆ ಬಹುಪಾಲು ಗೆದ್ದಿತು.

ಗುಡಿಗೆ ಹೋದಾಗ ಎರಡು ಸಂಗತಿ ನೋಡು. ಕಂಬಗಳನ್ನು ಲೇಥಿನಲ್ಲಿ ತಿರುವಿದಷ್ಟು ನುಣುಪಾಗಿ ಮಾಡಿದ್ದಾರೆ. ಮೆತ್ತಗಿರುವ ಬಳಪದ ಕಲ್ಲು ಆ ಕೆಲಸಕ್ಕೆ ಒಗ್ಗಿಬಂದಿದೆ. ಮುಖ್ಯ ಗುಡಿಯ ಬಳಿ ಮಹಾದೇವ ತನ್ನ ತಂದೆ-ತಾಯಿಯ ಹೆಸರಿನಲ್ಲಿ ಮೂರ್ತಿನಾರಾಯಣ, ಚಂದ್ರಲೇಶ್ವರಿ ಗುಡಿಗಳನ್ನೂ ಕಟ್ಟಿಸಿದ್ದಾನೆ. ದಂಡನಾಯಕನೊಬ್ಬ ಅಪ್ಪ-ಅವ್ವನನ್ನು ಹೀಗೆ ನೆನೆದದ್ದು ನನಗೆ ಆ ಬಿರುದಿಗಿಂತ ಹೆಚ್ಚು ಇಷ್ಟವಾಗುತ್ತದೆ.

ಪ್ರಶ್ನೆ: ನಮ್ಮ ಮುತ್ತಜ್ಜನಿಗೆ 118 ವರ್ಷ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಗಿನ್ನೆಸ್‌ಗೆ ಬರೆಯಬಹುದೇ? ರಜಾಕಾರರ ಗಲಾಟೆ ಕಾಲದಲ್ಲಿ ಅವರ ಮದುವೆಯಾಯಿತಂತೆ.
– ಓದುಗ, ಕುಷ್ಟಗಿ ತಾಲ್ಲೂಕು

ಉತ್ತರ: ಮುತ್ತಜ್ಜನಿಗೆ ನನ್ನ ನಮಸ್ಕಾರ ತಿಳಿಸಿ. ನೀವು ಕೊಟ್ಟ ಒಂದೇ ಸುಳಿವಿನಿಂದ ಲೆಕ್ಕ ಮಾಡಬಹುದು. ರಜಾಕಾರರ ಹಾವಳಿ 1947–48ರದು, 1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ವಿಮೋಚನೆಯಾಯಿತು. ಆಗ ವರನಿಗೆ ಇಪ್ಪತ್ತು ವರ್ಷವೆಂದು ಹಿಡಿದರೆ ಹುಟ್ಟಿದ್ದು 1928ರ ಸುಮಾರಿಗೆ. ಅಂದರೆ ನೂರರ ಹತ್ತಿರ. ಅದೇನು ಸಣ್ಣ ವಯಸ್ಸೇ? 118 ಆಗಬೇಕಾದರೆ ನಲವತ್ತರ ಆಚೀಚೆ ಮದುವೆಯಾಗಿರಬೇಕು. ಅದು ಎರಡನೇ ಸಂಬಂಧವಾಗಿದ್ದರೆ ಸಾಧ್ಯ, ಮನೆಯಲ್ಲಿ ಕೇಳಿ ನೋಡಿ.

ವಯಸ್ಸಿನ ದಾಖಲೆ ಕಾಗದದ ಮೇಲೆ ನಿಲ್ಲುತ್ತದೆ. ಫ್ರಾನ್ಸಿನ ಜೀನ್ ಕಾಲ್ಮಾಂ 122 ವರ್ಷ 164 ದಿನ ಬದುಕಿ 1997ರಲ್ಲಿ ತೀರಿಕೊಂಡರು. 1875ರ ಅವರ ಜನನದ ದಾಖಲೆ, ನಡುವಿನ ಜನಗಣತಿ ಕಾಗದಗಳೆಲ್ಲ ಇದ್ದದ್ದರಿಂದ ಅವರದು ದಾಖಲೆಯಾಯಿತು. ನಮ್ಮಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 1907ರ ಏಪ್ರಿಲ್ 1ರಂದು ಹುಟ್ಟಿ 2019ರ ಜನವರಿ 21ರವರೆಗೆ, 111 ವರ್ಷ ಬಾಳಿದರು. ನಿಮ್ಮ ಕಡೆಯ ಹಿರಿಯರ ತೊಂದರೆ ಏನೆಂದರೆ ಮೇಷ್ಟ್ರು ಶಾಲೆಗೆ ಸೇರಿಸಿಕೊಳ್ಳುವಾಗ ಅಂದಾಜಿನ ಮೇಲೆ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಶಾಲೆಗೇ ಹೋಗದವರಿಗೆ ಅದೂ ಇಲ್ಲ.

ಆದರೂ ಹುಡುಕಿ. ನಿಜಾಮರ ಕಾಲದ ಜಮೀನು ಪತ್ರ, ಹಳೆಯ ಶಾಲಾ ರಿಜಿಸ್ಟರ್ ಸಿಕ್ಕರೆ ಉರ್ದುವಿನಲ್ಲಿ ಫಸಲಿ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿ. ಫಸಲಿ 1350 ಅಂದರೆ 1940–41. ಮುತ್ತಜ್ಜನ ತಂದೆಯ ಹೆಸರಿನ ಕಾಗದದಲ್ಲಿ ಇವರ ಹೆಸರು ಮೊದಲು ಯಾವ ವರ್ಷ ಕಾಣಿಸಿದೆ ಎಂಬುದು ಒಳ್ಳೆಯ ಸಾಕ್ಷಿ. ಗಿನ್ನೆಸ್‌ಗೆ ಬರೆಯುವ ಮುಂಚೆ ಅವರ ನೆನಪುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆ ಕೆಲಸವನ್ನು ಮುಂದೂಡಬೇಡಿ.

ಪ್ರಶ್ನೆ: ನಮ್ಮ ರಾಷ್ಟ್ರಗೀತೆ ಜಗತ್ತಿನಲ್ಲೇ ಶ್ರೇಷ್ಠವೆಂದು ಯುನೆಸ್ಕೋ ಘೋಷಿಸಿದೆ ಎಂಬ ಸಂದೇಶ ಮತ್ತೆ ಬಂದಿದೆ.
– ಗೃಹಿಣಿ, ಗಂಗಾವತಿ

ಉತ್ತರ: ಸುಳ್ಳು. ಅಂಥ ಘೋಷಣೆ ಮಾಡಿಲ್ಲವೆಂದು ಯುನೆಸ್ಕೋ 2008ರಲ್ಲೇ ಹೇಳಿದೆ. ಆ ಸಂಸ್ಥೆ ರಾಷ್ಟ್ರಗೀತೆಗಳಿಗಾಗಲಿ ಭಾಷೆಗಳ ಇಂಪಿಗಾಗಲಿ ಅಂಕ ಕೊಡುವುದಿಲ್ಲ. ಅದು ಮಾಡಿದ ಪಟ್ಟಿ ಬೇರೆ: ಅಳಿವಿನ ಅಂಚಿನ ಭಾಷೆಗಳದು. ಅದರಲ್ಲಿ ನಮ್ಮ ತುಳು, ಕೊಡವ ಇವೆ. ಹಂಚುವುದಾದರೆ ಅದನ್ನು ಹಂಚಿ.

ಪ್ರಶ್ನೆ: ಭಾಗ್ಯನಗರದಲ್ಲಿ ನಮ್ಮದು ಕೂದಲಿನ ಕೆಲಸ. ಅಳತೆವಾರು ಬೇರೆ ಮಾಡಿ ಕಟ್ಟು ಕಟ್ಟುತ್ತೇವೆ. ಜಗತ್ತಿನಲ್ಲಿ ಅತಿ ಉದ್ದದ ಕೂದಲು ಎಷ್ಟು?
– ಕಾರ್ಮಿಕ ಮಹಿಳೆ, ಭಾಗ್ಯನಗರ, ಕೊಪ್ಪಳ

ಉತ್ತರ: ಚೀನಾದ ಷೀ ಚಿಯುಪಿಂಗ್ ಅವರದು 2004ರಲ್ಲಿ ಅಳೆದಾಗ 5.627 ಮೀಟರ್, ಅಂದರೆ ಹದಿನೆಂಟು ಅಡಿಗೂ ಮೀರಿ. ಬದುಕಿರುವ ಮಹಿಳೆಯರ ವಿಭಾಗದಲ್ಲಿ ಉತ್ತರ ಪ್ರದೇಶದ ಸ್ಮಿತಾ ಶ್ರೀವಾಸ್ತವ 2023ರಲ್ಲಿ 236.22 ಸೆಂ.ಮೀ. ಕೂದಲಿಗೆ ದಾಖಲೆ ಪಡೆದರು. ನಿಮ್ಮ ಕೈಯಲ್ಲಿ ಬಿಡಿಸಿ, ಬಾಚಿ, ಕಟ್ಟಾದ ಕೂದಲು ಯಾವ ಯಾವ ದೇಶದವರ ತಲೆಯ ಮೇಲಿದೆಯೋ! ಆ ಲೆಕ್ಕವನ್ನೂ ಯಾರಾದರೂ ಒಮ್ಮೆ ಬರೆಯಬೇಕು.

ಪ್ರಶ್ನೆ: ನನಗೆ ನೆನಪಿನ ಶಕ್ತಿ ಚೆನ್ನಾಗಿದೆ. ವಿಶ್ವ ದಾಖಲೆಯ ಪ್ರಮಾಣಪತ್ರ ಕೊಡುತ್ತೇವೆ ಎಂದು ಒಂದು ಸಂಸ್ಥೆಯವರು ಹಣ ಕೇಳುತ್ತಿದ್ದಾರೆ. ಕಟ್ಟಲೇ?
– ಪದವಿ ವಿದ್ಯಾರ್ಥಿ, ಕಾರಟಗಿ

ಉತ್ತರ: ಸದ್ಯಕ್ಕೆ ಬೇಡ. ಮೊದಲು ಮೂರು ಮಾತು ಕೇಳಿ: ನಿಯಮ ಬರೆದುಕೊಟ್ಟಿದ್ದಾರೆಯೇ, ಹಿಂದಿನ ದಾಖಲೆ ಯಾರದು, ಅಳೆಯುವವರು ಯಾರು? ಹಿಂದಿನ ದಾಖಲೆಯೇ ಇಲ್ಲದ ಹೊಸ ವಿಭಾಗ ಸೃಷ್ಟಿಸಿ ಕೊಡುತ್ತೇವೆಂದರೆ ಎಚ್ಚರ. ವಿಭಾಗ ಕಿರಿದಾದಷ್ಟೂ ಮೊದಲ ಸ್ಥಾನ ಸುಲಭ. ಬೆಂಗಳೂರು ವಿಮಾನ ನಿಲ್ದಾಣದ 108 ಅಡಿ ಕೆಂಪೇಗೌಡ ಪ್ರತಿಮೆಗೆ ಸಿಕ್ಕ ಮನ್ನಣೆ ‘ನಗರ ಸಂಸ್ಥಾಪಕರೊಬ್ಬರ ಅತಿ ಎತ್ತರದ ಕಂಚಿನ ಪ್ರತಿಮೆ’ ಎಂದು. ಪ್ರತಿಮೆ ಸೊಗಸಾಗಿಯೇ ಇದೆ, ವಿಭಾಗ ಮಾತ್ರ ಅದರ ಅಳತೆಗೇ ಹೊಲಿದ ಅಂಗಿ.

ಗಿನ್ನೆಸ್ ಪುಸ್ತಕ ಹುಟ್ಟಿದ್ದೂ ಒಂದು ತೀರದ ವಾದದಿಂದ. 1951ರಲ್ಲಿ ಐರ್ಲೆಂಡಿನಲ್ಲಿ ಬೇಟೆಗೆ ಹೋಗಿದ್ದ ಗಿನ್ನೆಸ್ ಬಿಯರ್ ಕಂಪನಿಯ ಹ್ಯೂ ಬೀವರ್, ಯುರೋಪಿನ ಅತಿ ವೇಗದ ಬೇಟೆಹಕ್ಕಿ ಯಾವುದೆಂಬ ಪ್ರಶ್ನೆಗೆ ಯಾವ ಪುಸ್ತಕದಲ್ಲೂ ಉತ್ತರ ಸಿಗದೆ ಹೊಸದೊಂದನ್ನು ಮಾಡಿಸಿದರು. ಅದು 1955ರಲ್ಲಿ ಹೊರಬಂತು. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲೇ ಗುಣಿಸಿದರು. ಸಂಖ್ಯೆಗಳನ್ನು ಆರಿಸಿದ್ದು ಅವರಲ್ಲ, ಕಾಲೇಜಿನ ಕಂಪ್ಯೂಟರ್ ವಿಭಾಗ. ಗಿನ್ನೆಸ್‌ನ ಅಧಿಕೃತ ಪ್ರಮಾಣಪತ್ರ ಬಂದದ್ದು 2020ರಲ್ಲಿ, ಅವರು ತೀರಿಕೊಂಡು ಏಳು ವರ್ಷದ ಮೇಲೆ. ಕಾಗದವಿಲ್ಲದ ಆ ನಲವತ್ತು ವರ್ಷಗಳಲ್ಲೂ ಅವರ ಪ್ರತಿಭೆಯ ಖ್ಯಾತಿ ಕುಗ್ಗಲಿಲ್ಲ.

ಪ್ರಶ್ನೆ: ಹಿರೇಬೆಣಕಲ್ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆಯೇ? ಮಕ್ಕಳಿಗೆ ಸರಿಯಾಗಿ ಹೇಳಬೇಕು.
– ಶಿಕ್ಷಕಿ, ಗಂಗಾವತಿ ತಾಲ್ಲೂಕು

ಉತ್ತರ: ಸೇರಿರುವುದು ತಾತ್ಕಾಲಿಕ ಪಟ್ಟಿಗೆ, 2021ರ ಮೇ ತಿಂಗಳಲ್ಲಿ. ಆ ಪಟ್ಟಿಯಲ್ಲಿ ಕನಿಷ್ಠ ಒಂದು ವರ್ಷ ಇದ್ದ ತಾಣವನ್ನಷ್ಟೇ ಮುಂದೆ ನಾಮನಿರ್ದೇಶನ ಮಾಡಬಹುದು. ಬೇಲೂರು, ಹಳೇಬೀಡು, ಸೋಮನಾಥಪುರಗಳು 2014ರಲ್ಲಿ ತಾತ್ಕಾಲಿಕ ಪಟ್ಟಿಗೆ ಬಂದು 2023ರಲ್ಲಿ ವಿಶ್ವ ಪರಂಪರೆಯಾದವು. ಬರೀ ಕಾಯುವುದರಿಂದ ಅದು ಆಗಲಿಲ್ಲ. ಸಂರಕ್ಷಣೆಯ ಯೋಜನೆ, ಗಡಿ ಗುರುತು, ದಾಖಲೆ ಎಲ್ಲ ಸಿದ್ಧವಾಗಬೇಕಾಯಿತು.

ನಮ್ಮ ಹಿರೇಬೆಣಕಲ್ ಬೆಟ್ಟಕ್ಕೆ ಆ ಯೋಗ್ಯತೆ ಇದೆಯೆಂದು ನಾನು ದೃಢವಾಗಿ ನಂಬಿದ್ದೇನೆ. ಕಬ್ಬಿಣ ಯುಗದ ಸುಮಾರು ನಾನೂರು ಶಿಲಾ ಸಮಾಧಿ ರಚನೆಗಳು, ಎರಡು ಸಾವಿರ ವರ್ಷಕ್ಕೂ ಹಿಂದಿನವು, ಒಂದೇ ಬೆಟ್ಟದ ಮೇಲಿವೆ. ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ, ದುಂಡು ಕಿಂಡಿ ಕೊರೆದ ಮನೆಯಂಥ ಕಟ್ಟಡಗಳು. ನಿಮ್ಮ ಕಡೆಯವರು ಮೊರೇರ ಬೆಟ್ಟ ಎನ್ನುವುದು ಇದನ್ನೇ. ದಕ್ಷಿಣ ಕೊರಿಯಾದಲ್ಲೂ ಇಂಥವೇ ಸಮಾಧಿಗಳು ಗೋಚಾಂಗ್, ಹ್ವಾಸುನ್, ಗಾಂಗ್ಹ್ವಾಗಳಲ್ಲಿವೆ. ಅವು 2000ದಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಮಕ್ಕಳಿಗೆ ಎರಡೂ ಕಡೆಯ ಚಿತ್ರಗಳನ್ನು ಪಕ್ಕಪಕ್ಕ ತೋರಿಸಿ.

ಬೆಟ್ಟಕ್ಕೆ ಕರೆದೊಯ್ಯುವುದಾದರೆ ಬೇಸಿಗೆ ಬೇಡ. ದಾರಿ ಬಂಡೆಗಳ ನಡುವೆ ಏರುತ್ತದೆ, ಮೇಲೆ ನೆರಳು ಕಡಿಮೆ, ಕುಡಿಯುವ ನೀರು ಒಯ್ಯಿರಿ. ದಾರಿ ಬಲ್ಲ ಊರಿನವರೊಬ್ಬರು ಜೊತೆಗಿರಲಿ. ಎತ್ತರದ ಬಂಡೆಯ ಮೇಲಿರುವ ಕಲ್ಲಿನ ನಗಾರಿಯನ್ನು ಎಲ್ಲರೂ ನೋಡಲಿ, ಆದರೆ ಕಲ್ಲಿನಿಂದ ಬಡಿಯಲು ಬಿಡಬೇಡಿ. ಚಪ್ಪಡಿಗಳಿಗೆ ಒರಗಬಾರದು, ಹೆಸರು ಗೀಚಬಾರದು. ಮಕ್ಕಳ ಕೈಗೆ ಅಳತೆಯ ಟೇಪು, ನೋಟ್‌ಬುಕ್ ಕೊಡಿ. ಒಂದೊಂದು ಗುಂಪು ಒಂದೊಂದು ಕಿಂಡಿಯ ಅಗಲ, ಚಪ್ಪಡಿಯ ದಪ್ಪ, ಅದು ಮುಖ ಮಾಡಿರುವ ದಿಕ್ಕು ಬರೆದುಕೊಳ್ಳಲಿ. ಬರೆದದ್ದನ್ನು ನನಗೂ ಕಳಿಸಿದರೆ ಸಂತೋಷ.