ನರ್ಸಮ್ಮ ಹುಡುಕಿಕೊಂಡು ಬಂದರು

ಜ್ವರ ಬಂದರೆ ಏನು ಮಾಡ್ತೀವಿ? ಆಸ್ಪತ್ರೆಗೆ ಹೋಗ್ತೀವಿ. ಕಾಲು ಉಳುಕಿದರೂ ಹೋಗ್ತೀವಿ. ಮನಸ್ಸಿಗೆ ಕಾಯಿಲೆ ಬಂದರೆ? ಮುಚ್ಚಿಡ್ತೀವಿ.

ಹೀಗೆ ಅಂದುಕೊಳ್ಳಿ. ಒಂದು ಊರು. ಅಲ್ಲಿ ಒಬ್ಬ ಸೊಸೆ. ಎರಡು ತಿಂಗಳಿಂದ ಅವಳಿಗೆ ಸರಿಯಾಗಿ ನಿದ್ದೆ ಇಲ್ಲ. ಊಟ ಸೇರೋದಿಲ್ಲ. ಒಲೆ ಮುಂದೆ ಕೂತರೆ ಕೂತೇ ಇರ್ತಾಳೆ. ಹಾಲು ಉಕ್ಕಿ ಚೆಲ್ಲಿದರೂ ಗೊತ್ತಾಗೋದಿಲ್ಲ. ಗಂಡ ಸೋಮಾರಿ ಅಂತ ಬೈದ. ಗಾಳಿ ಸೋಕಿದೆ ಅಂತ ಅತ್ತೆ ತಾಯಿತ ಕಟ್ಟಿಸಿದರು.

ಒಂದು ದಿನ ಅವಳು ತಲೆನೋವು ಅಂತ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಳು. ಮನಸ್ಸು ಸರಿ ಇಲ್ಲ ಅಂತ ಹೇಳಿಕೊಂಡು ಬರೋರು ಕಡಿಮೆ. ತಲೆನೋವು, ಮೈಕೈ ನೋವು, ಎದೆ ಡವಡವ ಅಂತ ಬರ್ತಾರೆ. ಇದು ನರ್ಸಮ್ಮನಿಗೆ ಗೊತ್ತು. ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿದರು.

"ನಿದ್ದೆ ಹೇಗಿದೆ ಅಮ್ಮ?"

"ರಾತ್ರಿ ಮೂರು ಗಂಟೆಗೇ ಎಚ್ಚರ ಆಗುತ್ತೆ ಸಿಸ್ಟರ್."

"ಸತ್ತರೆ ಸಾಕು ಅನ್ನಿಸುತ್ತಾ?"

ಅವಳು ತಲೆ ಬಗ್ಗಿಸಿದಳು. ಕಣ್ಣಲ್ಲಿ ನೀರು ಬಂತು.

ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತೆ ಅಂತ ಕೆಲವರು ಹೆದರ್ತಾರೆ. ಅದು ತಪ್ಪು. ಕೇಳಿದರೆ ಮನಸ್ಸಿನ ಭಾರ ಇಳಿಯುತ್ತೆ.

ಡಾಕ್ಟರು ನೋಡಿದರು. ಇದು ಖಿನ್ನತೆ ಅನ್ನೋ ಕಾಯಿಲೆ ಅಂದರು. ಗುಳಿಗೆ ಕೊಟ್ಟರು. ಮತ್ತೆ ಬರುವ ದಿನವನ್ನು ನರ್ಸಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಆ ದಿನ ಅವಳು ಬರಲಿಲ್ಲ.

ನರ್ಸಮ್ಮನ ನಿಜವಾದ ಕೆಲಸ ಇಲ್ಲಿಂದ ಶುರು. ಅವರಿಗೇನು ಬಿಡುವಿದೆಯೇ? ಹೆರಿಗೆ, ಚುಚ್ಚುಮದ್ದು, ಹತ್ತಾರು ರಿಜಿಸ್ಟರು. ಆದರೂ ಆಶಾ ಕಾರ್ಯಕರ್ತೆಯ ಜೊತೆ ಆ ಮನೆಗೆ ಹೋದರು. ಬೀದಿಯವರು ಕೇಳಿದರೆ, "ಬಿಪಿ ನೋಡೋಕೆ ಬಂದೆ" ಅಂದರು. ರೋಗಿಯ ಗುಟ್ಟು ಕಾಯಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾನೂನೇ ಹೇಳುತ್ತದೆ. ಕಾಯಿಲೆಯವರನ್ನು ಸರಪಳಿಯಿಂದ ಕಟ್ಟಬಾರದು ಅಂತಲೂ ಹೇಳುತ್ತದೆ.

"ಎಂಟು ದಿನ ನುಂಗಿದೆ ಸಿಸ್ಟರ್. ಏನೂ ಆಗಲಿಲ್ಲ. ಬಿಟ್ಟೆ."

"ಇದು ತಲೆನೋವಿನ ಗುಳಿಗೆ ಅಲ್ಲಮ್ಮ. ಗುಣ ಕಾಣೋಕೆ 2ರಿಂದ 4 ವಾರ ಬೇಕು."

ಅತ್ತೆ ತಾಯಿತ ತೋರಿಸಿದರು. ನರ್ಸಮ್ಮ ನಗಲಿಲ್ಲ. "ತಾಯಿತ ಇರಲಿ ಅಜ್ಜಿ. ಗುಳಿಗೆ ಮಾತ್ರ ಬಿಡಿಸಬೇಡಿ" ಅಂದರು. ಹೊರಡುವಾಗ ಗಂಡನನ್ನು ಕರೆದು, "ಹೊಲಕ್ಕೆ ಹೊಡೆಯೋ ಔಷಧಿಗೆ ಬೀಗ ಹಾಕಿ ಇಡಪ್ಪ. ಇವಳನ್ನ ಒಂಟಿಯಾಗಿ ಬಿಡಬೇಡ" ಅಂದರು. ಅವನು ಆಗ ಗಾಬರಿಯಾದ. ಹೆಂಡತಿಯ ಕಷ್ಟ ಎಷ್ಟು ದೊಡ್ಡದು ಅಂತ ಅವನಿಗೆ ಅಲ್ಲಿಯವರೆಗೂ ತಿಳಿದಿರಲಿಲ್ಲ.

ಐದು ವಾರ ಆದ ಮೇಲೆ ಅತ್ತೆ, ಸೊಸೆ ಇಬ್ಬರೂ ಆಸ್ಪತ್ರೆಗೆ ಬಂದರು.

"ಈಗ ನಿದ್ದೆ ಬರ್ತಿದೆ. ಗುಳಿಗೆ ನಿಲ್ಲಿಸಲಾ ಸಿಸ್ಟರ್?"

"ಈಗಲೇ ಬೇಡ. ಗುಣ ಆದ ಮೇಲೂ 6 ತಿಂಗಳಾದರೂ ಬೇಕು. ಕೆಲವರಿಗೆ ಇನ್ನೂ ಹೆಚ್ಚು ದಿನ ಬೇಕು. ಆಮೇಲೆ ಡಾಕ್ಟರೇ ನಿಧಾನವಾಗಿ ಕಡಿಮೆ ಮಾಡ್ತಾರೆ."

ಗುಣ ಕಾಣದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಚೀಟಿ ಬರೆದು ಕಳಿಸುತ್ತಾರೆ. ಹೋಗಿ ಬಂದವರನ್ನು ಮತ್ತೆ ವಿಚಾರಿಸೋದು ಅದೇ ನರ್ಸಮ್ಮ.

ಹಳ್ಳಿಯ ಆಸ್ಪತ್ರೆಯಲ್ಲೂ ಮನಸ್ಸಿನ ಕಾಯಿಲೆ ನೋಡಬಹುದು ಅಂತ ತೋರಿಸಿಕೊಟ್ಟಿದ್ದು ನಮ್ಮ ಬಳ್ಳಾರಿ ಜಿಲ್ಲೆ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯವರು ಅಲ್ಲಿನ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಡಲು ಶುರು ಮಾಡಿದರು. ಆ ದಾರಿಯಲ್ಲೇ 1996ರಿಂದ ದೇಶದ ಬೇರೆ ಜಿಲ್ಲೆಗಳಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಟೆಲಿ ಮನಸ್ ಅನ್ನೋ ಸಹಾಯವಾಣಿ 2022ರಲ್ಲಿ ಶುರುವಾಯಿತು. ಅದರ ನಂಬರು 14416. ಹಗಲು ರಾತ್ರಿ ಯಾವಾಗಲಾದರೂ ಮಾಡಿ. ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಬಹುದು.

ಬರೆಯಿರಿ:
ನಮ್ಮ ಆರೋಗ್ಯ ಕೇಂದ್ರ ಇರುವ ಊರು ..............
ನಮ್ಮ ನರ್ಸಮ್ಮನ ಹೆಸರು ..............
ಸಹಾಯವಾಣಿಯ ನಂಬರು ..............

ಮಾತಾಡಿ:
ನರ್ಸಮ್ಮ ಬಿಪಿ ನೋಡೋಕೆ ಬಂದೆ ಅಂತ ಯಾಕೆ ಹೇಳಿದರು?
ಔಷಧಿಗೆ ಬೀಗ ಹಾಕಿ ಅಂತ ಯಾಕೆ ಹೇಳಿದರು?