ಬಿರಡೆ ಬದಲಾಗಲಿ, ತೂಬು ಉಳಿಯಲಿ

ಕಟ್ಟುವ ಕೆಲಸಕ್ಕೆ ಹೊರಟಿರುವ ಮಕ್ಕಳೇ,

ಹಂಪಿಗೆ ಹೋದವರೆಲ್ಲ ಕಲ್ಲಿನ ರಥದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನೀವೂ ತೆಗೆಸಿಕೊಳ್ಳಿ. ಆಮೇಲೆ ಒಂದು ಅರ್ಧ ಗಂಟೆ ಬಿಡುವು ಮಾಡಿಕೊಂಡು, ಗುಡಿಗಳಿಗೂ ಅರಮನೆಯ ನೆಲೆಗೂ ನಡುವಿನ ಕಣಿವೆಯಲ್ಲಿ ಹರಿಯುವ ತುರ್ತು ಕಾಲುವೆಯ ದಡದಲ್ಲಿ ಕುಳಿತುಕೊಳ್ಳಿ. 1565ರಲ್ಲಿ ಯುದ್ಧ ಸೋತ ಮೇಲೆ ವಿಜಯನಗರದ ಆ ರಾಜಧಾನಿ ಹಾಳುಬಿತ್ತು. ರಾಜರು ಒಡ್ಡೋಲಗ ನಡೆಸುತ್ತಿದ್ದ ಮಂಟಪಗಳ ಮರದ ಕಂಬಗಳು ಹೋಗಿ ಕಲ್ಲಿನ ಜಗಲಿ ಮಾತ್ರ ಉಳಿದಿದೆ. ಕಾಲುವೆ ಮಾತ್ರ ಇವತ್ತಿಗೂ ಬಾಳೆಗೆ, ಭತ್ತಕ್ಕೆ ನೀರು ಕೊಡುತ್ತಿದೆ.

ಏಕೆ ಉಳಿಯಿತು? ಕಲ್ಲು ಗಟ್ಟಿಯಿತ್ತು ಅನ್ನುವುದು ಅರ್ಧ ಉತ್ತರ. ಅರಮನೆಯ ಕಲ್ಲೂ ಅದೇ ಗುಡ್ಡದ್ದೇ. ಅರಮನೆ ಬೇಕಾಗಿದ್ದದ್ದು ಒಬ್ಬ ರಾಜನಿಗೆ; ಕಾಲುವೆ ಗೆದ್ದವನಿಗೂ ಬೇಕಿತ್ತು, ಸೋತವನಿಗೂ ಬೇಕಿತ್ತು. ಆಮೇಲೆ ಯಾರ ಬಾವುಟ ಹಾರಿದರೂ ಗದ್ದೆಯವನಿಗೆ ನೀರು ಬೇಕೇ ಬೇಕಿತ್ತು. ನದಿಗೆ ಹಾಕಿದ ಆ ಕಾಲದ ಒಡ್ಡುಗಳನ್ನು ನೋಡಿ. ತುಂಗಭದ್ರೆಯ ಬಂಡೆಗಳನ್ನೇ ಹಿಡಿದು ಅಂಕುಡೊಂಕಾಗಿ ಸಾಗುತ್ತವೆ. ನದಿಯನ್ನು ನಿಲ್ಲಿಸುವ ಹಟ ಅವಕ್ಕಿಲ್ಲ. ಕಾಲುವೆಗೆ ಬೇಕಾದಷ್ಟು ನೀರೆತ್ತಿ, ಪ್ರವಾಹವನ್ನು ಮೈಮೇಲೆ ಹಾದುಹೋಗಲು ಬಿಡುತ್ತವೆ. ಒಂದೆರಡು ಕಲ್ಲು ಉರುಳಿದರೆ ಬೇಸಿಗೆಯಲ್ಲಿ ಹತ್ತಾಳು ಸೇರಿ ಎತ್ತಿಡಬಹುದಿತ್ತು.

ನಾನು 34 ವರ್ಷ ಕೆರೆಗಳ ಕೆಲಸ ಮಾಡಿದವನು. ನನಗೆ ಪಾಠ ಹೇಳಿದ್ದು ಒಂದು ಹಳೆಯ ತೂಬು. ಕೆರೆಯ ಏರಿಯ ಒಳಬದಿಗೆ ಎರಡು ಕಲ್ಲುಕಂಬ. ಅವುಗಳ ನಡುವೆ ಅಡ್ಡಕ್ಕೆ ಜೋಡಿಸಿದ, ತೂತು ಕೊರೆದ ಕಲ್ಲುಗಳು. ಆ ತೂತುಗಳ ಮೂಲಕ ಇಳಿದ ಉದ್ದನೆಯ ಗಳುವಿನ ತುದಿಗೆ ಮರದ ಬಿರಡೆ. ಬಿರಡೆ ಎತ್ತಿದರೆ ನೀರು ಹೊರಟಿತು, ಇಳಿಸಿದರೆ ನಿಂತಿತು. ನೀರಿನಲ್ಲಿ ನೆನೆದು ಬಿರಡೆ ಕೆಲವು ವರ್ಷಕ್ಕೆ ಕೊಳೆಯುತ್ತದೆ. ಕೊಳೆತರೆ ಊರ ಬಡಗಿ ಅರ್ಧ ದಿನದಲ್ಲಿ ಇನ್ನೊಂದು ಕೆತ್ತುತ್ತಾನೆ. ತೂಬು ಕಟ್ಟಿದವರು ಉಳಿಯಬೇಕಾದದ್ದನ್ನು ಕಲ್ಲಿನಲ್ಲಿ ಮಾಡಿದರು, ಸವೆಯುವುದನ್ನು ಮರದಲ್ಲಿ ಮಾಡಿದರು, ಆ ಮರ ಊರಿನಲ್ಲೇ ಸಿಗುವ ಹಾಗೆ ನೋಡಿಕೊಂಡರು.

ನಾನು ಆ ತೂಬನ್ನು ಕೀಳಿಸಿ ಕಬ್ಬಿಣದ ಗೇಟು ಕೂರಿಸಿದೆ. ಹದಿನೈದು ವರ್ಷಕ್ಕೆ ಅದರ ತಿರುಪು ತುಕ್ಕು ಹಿಡಿದು ಗೇಟು ಮುಚ್ಚದಾಯಿತು. ತಿರುಗಿಸುವ ಹಿಡಿ ಕಳೆದುಹೋಗಿತ್ತು, ಆ ಅಳತೆಯ ತಿರುಪು ಎಲ್ಲೂ ಸಿಗಲಿಲ್ಲ. ರೈತರು ಮರಳಿನ ಚೀಲ ತುರುಕಿ ಆ ವರ್ಷದ ಬೆಳೆ ಉಳಿಸಿಕೊಂಡರು. ಆವತ್ತು ಏರಿಯ ಮೇಲೆ ನಿಂತಿದ್ದಾಗ ಆದ ಸಂಕಟ ಇನ್ನೂ ಮನಸ್ಸಿನಲ್ಲಿದೆ. ಕಬ್ಬಿಣ ಬೇಡ ಎಂದು ನಾನು ಹೇಳುತ್ತಿಲ್ಲ. ಅದನ್ನು ಮುಂದೆ ಯಾರು ಬದಲಿಸುತ್ತಾರೆ ಎಂದು ಕೇಳದೆ ಕೂರಿಸಬೇಡಿ ಎನ್ನುತ್ತಿದ್ದೇನೆ.

ಹಂಪಿಗೆ ಹತ್ತಿರದಲ್ಲೇ ನಮ್ಮ ಕಾಲದ ತುಂಗಭದ್ರಾ ಅಣೆಕಟ್ಟೆ ಇದೆ. 1953ರಲ್ಲಿ ಮುಗಿದದ್ದು, ಸುರ್ಕಿ ಗಾರೆಯಲ್ಲಿ ಕಟ್ಟಿದ್ದು. ಎಪ್ಪತ್ತು ವರ್ಷವಾದರೂ ಕಟ್ಟಡ ಭದ್ರವಾಗಿ ನಿಂತಿದೆ. 2024ರ ಆಗಸ್ಟ್ 10ರ ರಾತ್ರಿ ತುಂಡಾದದ್ದು 19ನೇ ಕ್ರಸ್ಟ್ ಗೇಟಿನ ಸರಪಳಿ. ಗೇಟು ಕೊಚ್ಚಿಹೋಯಿತು, ತುಂಬಿದ್ದ ನೀರು ನದಿಪಾಲಾಯಿತು. ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಹರಿಯುವ ನೀರಿಗೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ವಾರದೊಳಗೆ ನೀರು ತಡೆದರು. ಇನ್ನು ಹೂಳಿನ ಮಾತು. 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು 105ರ ಆಸುಪಾಸು. ಸರಪಳಿ ಸವೆಯುತ್ತದೆ, ಹೂಳು ಬರುತ್ತದೆ, ಇದು ಕಟ್ಟುವ ದಿನವೇ ಗೊತ್ತಿರುವ ಸಂಗತಿ. ಅದಕ್ಕೆ ಉತ್ತರವೂ ಅದೇ ದಿನ ಬರೆದಿಟ್ಟಿರಬೇಕು.

ಬರೆದಿಡುವುದು ಹೇಗೆಂದು ತಿಳಿಯಬೇಕಾದರೆ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದ ಶಾಸನವನ್ನು ಓದಿ. ವಿಜಯನಗರದ ಅರಸ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯದು, 1369ರದ್ದು. ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ದುಡಿಮೆ ಎಂದು ಲೆಕ್ಕ ಕೊಟ್ಟಿದೆ. ಅಷ್ಟಕ್ಕೇ ನಿಲ್ಲದೆ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯನ್ನು ಕೆಡಿಸುವ ಆರು ದೋಷಗಳನ್ನೂ ಹೇಳಿದೆ. ಏರಿಯಲ್ಲಿ ನೀರು ಒಸರುವುದು ದೋಷ, ಚೌಳು ನೆಲ ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದೂ ದೋಷವೇ! ಗಡಿಯ ಕೆರೆಗೆ ಜಗಳ ಹೆಚ್ಚು, ದಿಕ್ಕು ಕಡಿಮೆ. ಇದು ಹೊಗಳಿಕೆಯ ಕಲ್ಲಷ್ಟೇ ಆಗಿದ್ದರೆ ನಮಗೆ ಉಪಯೋಗವಿರಲಿಲ್ಲ. ಆ ರಾಜ್ಯ ಅಳಿದರೂ ಅದರ ಅನುಭವ ಇವತ್ತಿನ ಇಂಜಿನಿಯರಿಗೆ ದಾರಿ ತೋರುತ್ತಿದೆ.

ನಮ್ಮ ಹಿರಿಯರು ಕೆರೆಯ ಜೊತೆಗೆ ಅದನ್ನು ನೋಡಿಕೊಳ್ಳುವವರನ್ನೂ ಏರ್ಪಾಡು ಮಾಡುತ್ತಿದ್ದರು. ಕೆರೆ ಕಟ್ಟಿದವರಿಗೆ, ಕಾಯುವವರಿಗೆ ಕಟ್ಟುಕೊಡಗೆಯೆಂದು ಜಮೀನು ಬಿಡುತ್ತಿದ್ದರು. ನೀರು ಹಂಚಲು ನೀರಗಂಟಿ ಇರುತ್ತಿದ್ದ. ಕಟ್ಟಿದವನು ಸತ್ತರೂ ಕಾಯುವವನ ಹೊಟ್ಟೆ ಆ ಕೆರೆಯಿಂದಲೇ ತುಂಬುತ್ತಿತ್ತು, ಹಾಗಾಗಿ ಕೆರೆಯೂ ತುಂಬುತ್ತಿತ್ತು. ಕಾಯುವವರ ಏರ್ಪಾಡು ತಪ್ಪಿದ ಊರುಗಳಲ್ಲಿ ಹೂಳು ತುಂಬಿದ್ದನ್ನೂ, ಕೋಡಿಯ ಮೇಲೆ ಮನೆ ಎದ್ದದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಇದನ್ನು ನೀರಾವರಿಯವರಿಗೆ ಮಾತ್ರ ಹೇಳುತ್ತಿಲ್ಲ. ನಿಮ್ಮಲ್ಲಿ ಒಬ್ಬರು ಸೇತುವೆ ಕಟ್ಟಬಹುದು, ಇನ್ನೊಬ್ಬರು ಶಾಲೆ, ಮತ್ತೊಬ್ಬರು ಕಂಪ್ಯೂಟರಿನಲ್ಲಿ ಒಂದು ನಿಘಂಟು. ಯಾವುದಾದರೂ ಸರಿ, ನಮ್ಮ ಸರ್ಕಾರ, ನಮ್ಮ ಕಂಪನಿ, ನಮ್ಮ ಹಣ ಯಾವುದೂ ಇಲ್ಲದ ದಿನವನ್ನು ಒಮ್ಮೆ ನೆನೆದು ಕೆಲಸ ಶುರುಮಾಡಿ. ನಿಮ್ಮ ಹೆಸರು ಕೆತ್ತಿಸುವ ಮುಂಚೆ ರಿಪೇರಿಯ ಕ್ರಮ ಕೆತ್ತಿಸಿ.

ಕೊನೆಗೊಂದು ಮಾತು, ಇದನ್ನು ನಡೆಸಿಕೊಡಿ. ಉದ್ಘಾಟನೆಗೆ ದೊಡ್ಡವರನ್ನು ಕರೆಯುವ ಮೊದಲು ಆ ಊರಿನ ಬಡಗಿಯನ್ನೋ ಗಾರೆ ಕೆಲಸದವನನ್ನೋ ಕರೆಯಿರಿ. ನೀವು ಕಟ್ಟಿದ್ದನ್ನು ಪೂರ್ತಿ ತೋರಿಸಿ, "ನಾನಿಲ್ಲದಾಗ ಇದು ಕೆಟ್ಟರೆ ನೀವು ಸರಿಮಾಡುತ್ತೀರಾ?" ಎಂದು ಕೇಳಿ. ಅವರು "ಮಾಡ್ತೀನಿ ಬಿಡಿ" ಅಂದ ದಿನ ನಿಮ್ಮ ಕೆಲಸ ಮುಗಿಯಿತು ಎಂದು ತಿಳಿಯಿರಿ.