ಅವಳ ಒಪ್ಪಿಗೆ ಅವಳನ್ನೇ ಕೇಳಿ

ಒಂದು ಊರಿನಲ್ಲಿ ಅಕ್ಕ ತಂಗಿ ಇದ್ದರು. ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಮಾತು ಬಾರದು. ಊರಿನವರು ಅವಳನ್ನು 'ಮೂಗಿ' ಎಂದೇ ಕರೆಯುತ್ತಿದ್ದರು. ಅವಳಿಗೂ ಅಪ್ಪ ಅಮ್ಮ ಇಟ್ಟ ಹೆಸರಿತ್ತು. ಅದು ಯಾರ ಬಾಯಲ್ಲೂ ಇರಲಿಲ್ಲ.

ಅಪ್ಪ ತೀರಿಕೊಂಡ. ಎರಡು ಎಕರೆ ಹೊಲ ಇತ್ತು. ಒಂದು ದಿನ ಅಣ್ಣ ಇಬ್ಬರನ್ನೂ ಪೇಟೆಯ ಕಚೇರಿಗೆ ಕರೆದುಕೊಂಡು ಹೋದ.

"ಖಾತೆ ಕೆಲಸ ಅಷ್ಟೇ. ಇಬ್ಬರೂ ಹೆಬ್ಬೆಟ್ಟು ಒತ್ತಿ" ಎಂದ.

ಗುಮಾಸ್ತರು ತಂಗಿಯ ಕಡೆ ನೋಡಿದರು. ಆದರೆ ಕೇಳಿದ್ದು ಅಣ್ಣನನ್ನು.

"ಈಕೆಗೆ ಒಪ್ಪಿಗೆ ಇದೆಯೇನಪ್ಪಾ?"

"ಇದೆ ಸ್ವಾಮಿ. ಅವಳಿಗೇನು ತಿಳಿಯುತ್ತೆ?"

"ತಿಳಿಯದವಳು ಒಪ್ಪಿದ್ದು ಹೇಗಣ್ಣಾ?" ಎಂದಳು ಅಕ್ಕ.

ಅಕ್ಕ ಎಂಟು ತಿಂಗಳಿಂದ ಸಂಜೆ ಶಾಲೆಗೆ ಹೋಗುತ್ತಿದ್ದಳು. ಕಾಗದ ಎಳೆದುಕೊಂಡಳು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಹಕ್ಕು... ಬಿಡುಗಡೆ... ಪತ್ರ. ಎದೆ ಧಸಕ್ಕೆಂದಿತು.

ತಂಗಿಗೆ ಕೈಸನ್ನೆ ಮಾಡಿದಳು. ಹೊಲ. ನಮ್ಮದು. ಕೊಟ್ಟುಬಿಡೋಣವಾ? ತಂಗಿ ಜೋರಾಗಿ ತಲೆ ಅಲ್ಲಾಡಿಸಿದಳು. ಮಸಿ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಇಬ್ಬರೂ ಹೆಬ್ಬೆಟ್ಟು ಒತ್ತದೆ ಮನೆಗೆ ಬಂದರು.

ಅಕ್ಕತಂಗಿಯರೇ, ಕಿವಿ ಕೇಳಿಸದವರಿಗೆ ಬುದ್ಧಿ ಇಲ್ಲ ಎಂದು ತಿಳಿಯಬೇಡಿ. ಅವರಿಗೂ ಮನಸ್ಸಿದೆ, ಮಾತಿದೆ. ಅವರ ಮಾತು ಕೈಯಲ್ಲಿದೆ. ಸನ್ನೆ ಭಾಷೆಯೂ ಒಂದು ಪೂರ್ತಿ ಭಾಷೆ. ಅದನ್ನು ಕಲಿಸಲು, ದುಭಾಷಿಗಳನ್ನು ತಯಾರು ಮಾಡಲು ಕೇಂದ್ರ ಸರ್ಕಾರ 2015ರಲ್ಲಿ ದೆಹಲಿಯಲ್ಲಿ ಒಂದು ಸಂಸ್ಥೆ ತೆರೆಯಿತು. ದುಭಾಷಿ ಎಂದರೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸಿ ಹೇಳುವವರು.

ಕಾನೂನು ಏನು ಹೇಳುತ್ತದೆ?

2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು. ಕಿವಿ ಕೇಳಿಸದವರಿಗೂ ಎಲ್ಲರಂತೆ ಆಸ್ತಿಯ ಹಕ್ಕು ಇದೆ ಎಂದು ಅದು ಹೇಳುತ್ತದೆ. ಆಸ್ತಿ, ಹಣದ ವಿಚಾರದಲ್ಲಿ ಅವರಿಗೆ ನೆರವಾಗುವವರಿಗೇ ಅದರಲ್ಲಿ ಸ್ವಾರ್ಥ ಇದ್ದರೆ, ಅವರು ಹಿಂದೆ ಸರಿಯಬೇಕು. ಹೊಲ ತನಗೆ ಬೇಕು ಎನ್ನುವ ಅಣ್ಣನೇ ತಂಗಿಯ ಬಾಯಿ ಆಗುವಂತಿಲ್ಲ.

ನ್ಯಾಯಾಲಯದಲ್ಲಿ ಅವರು ತಮಗೆ ಬರುವ ಭಾಷೆಯಲ್ಲೇ ಸಾಕ್ಷಿ ಹೇಳಬಹುದು. ಸನ್ನೆಯಲ್ಲಿ ಹೇಳಿದರೂ ಅದು ಸಾಕ್ಷಿಯೇ.

ಅಂಗವಿಕಲ ಹೆಣ್ಣುಮಗಳ ಮೇಲೆ ಅತ್ಯಾಚಾರ ನಡೆದರೆ ಅವಳು ಠಾಣೆಗೆ ಅಲೆಯಬೇಕಿಲ್ಲ. ಪೊಲೀಸರೇ ಅವಳ ಮನೆಗೆ ಅಥವಾ ಅವಳು ಹೇಳಿದ ಜಾಗಕ್ಕೆ ಬಂದು ದೂರು ಬರೆದುಕೊಳ್ಳಬೇಕು. ಆಗ ದುಭಾಷಿ ಅಥವಾ ವಿಶೇಷ ಶಿಕ್ಷಕಿ ಜೊತೆಗಿರಬೇಕು. ವಿಡಿಯೋ ಮಾಡಬೇಕು. 2013ರಿಂದ ಈ ನಿಯಮ ಇದೆ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲೂ ಇದೆ.

ಎಲ್ಲಿ ಕೇಳಬೇಕು?

ಮೊದಲು ಗ್ರಾಮ ಪಂಚಾಯಿತಿಗೆ ಹೋಗಿ. ಅಂಗವಿಕಲರಿಗಾಗಿ ಇರುವ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಅಂಗವಿಕಲರ ಗುರುತಿನ ಚೀಟಿ ಮಾಡಿಸುವ ದಾರಿ ಅವರು ಹೇಳುತ್ತಾರೆ.

ಕಿವಿ ಪರೀಕ್ಷೆಗೆ ಜಿಲ್ಲಾ ಆಸ್ಪತ್ರೆಗೆ ಹೋಗಿ. ಮೈಸೂರಿನಲ್ಲಿ 1965ರಿಂದ ಕೇಂದ್ರ ಸರ್ಕಾರದ ವಾಕ್ ಶ್ರವಣ ಸಂಸ್ಥೆಯೂ ಇದೆ. ಮಗು ಸದ್ದಿಗೆ ತಿರುಗಿ ನೋಡದಿದ್ದರೆ 'ದೊಡ್ಡದಾದ ಮೇಲೆ ಸರಿಹೋಗುತ್ತೆ' ಎಂದು ಕಾಯಬೇಡಿ.

ವಕೀಲರು ಬೇಕಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೂ ಅಂಗವಿಕಲರಿಗೂ ಅಲ್ಲಿ ವಕೀಲರ ನೆರವು ಉಚಿತ. ಫೋನ್ ನಂಬರ್ 15100.

ದುಭಾಷಿಗಳು ಕಡಿಮೆ ಇದ್ದಾರೆ. ಅದಕ್ಕೇ ಮುಂಚಿತವಾಗಿ ಅರ್ಜಿ ಬರೆದು ಕೇಳಿ. ಬಾಯಲ್ಲಿ ಕೇಳಿದ್ದು ಮರೆತು ಹೋಗುತ್ತೆ. ಬರೆದದ್ದು ಉಳಿಯುತ್ತೆ.

ಈಗ ತಂಗಿಯೂ ಸಂಜೆ ಶಾಲೆಗೆ ಬರುತ್ತಾಳೆ. ಮೊದಲು ಕಲಿತದ್ದು ತನ್ನ ಹೆಸರು. ಸ್ಲೇಟಿನ ಮೇಲೆ ಬರೆದು ಎಲ್ಲರಿಗೂ ತೋರಿಸಿದಳು. ಅಂದಿನಿಂದ ಯಾರೂ ಅವಳನ್ನು 'ಮೂಗಿ' ಎಂದು ಕರೆದಿಲ್ಲ.

ಮಾತಾಡೋಣ
1. ಗುಮಾಸ್ತರು ಯಾರನ್ನು ಕೇಳಬೇಕಿತ್ತು?
2. ನಿಮ್ಮ ಊರಿನಲ್ಲಿ ಕಿವಿ ಕೇಳಿಸದವರು ಯಾರಿದ್ದಾರೆ? ಅವರ ಹೆಸರು ನಿಮಗೆ ಗೊತ್ತೇ?

ನೋಡಿ ಬರೆಯಿರಿ
ನನ್ನ ತಂಗಿಗೆ ಕಿವಿ ಕೇಳಿಸುವುದಿಲ್ಲ. ದಯವಿಟ್ಟು ಸನ್ನೆ ಭಾಷೆಯ ದುಭಾಷಿಯನ್ನು ಕರೆಸಿ.